ಬಾಯ್ಕಾಟ್ ಅನ್ನೋದು ಒಬ್ಬ ಮನುಷ್ಯನ ಹೆಸರು!

ಬೆಳಗಾದ್ರೆ ಸಾಕು, ಒಂದು ಸಿನಿಮಾಕ್ಕೋ ಒಂದು ಕಂಪನಿಗೋ 'ಬಾಯ್ಕಾಟ್' ಅಂತ ಕೂಗು ಏಳುತ್ತೆ. ಇದು ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು?

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. ಗೇಣಿ ವಸೂಲಿ ಇವನ ಕೆಲಸ. 1880ರಲ್ಲಿ ರೈತರು ಗೇಣಿಯಲ್ಲಿ ಶೇ. 25 ಕಡಿಮೆ ಮಾಡಿ ಅಂದ್ರು. ಜಮೀನ್ದಾರ ಶೇ. 10ಕ್ಕಿಂತ ಹೆಚ್ಚು ಬಿಡಲ್ಲ ಅಂದ. ಬಾಯ್ಕಾಟ್ ರೈತರನ್ನು ಒಕ್ಕಲೆಬ್ಬಿಸಲು ಹೊರಟ.

ರೈತರು ಕೋಲು ಎತ್ತಲಿಲ್ಲ, ಸಂಬಂಧ ಕಡಿದುಕೊಂಡರು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆ ಕೊಯ್ಯಲು ಹೊರಗಿಂದ 50 ಜನ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು ಹೆಚ್ಚಾಯ್ತು. ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಐರ್ಲೆಂಡ್ ಬಿಟ್ಟಿದ್ದ.

ಈ ಹೋರಾಟಕ್ಕೆ ಏನು ಹೆಸರಿಡೋದು? ಇಂಗ್ಲಿಷಿನಲ್ಲಿದ್ದ ಹಳೆಯ ದೊಡ್ಡ ಪದ ರೈತರಿಗೆ ಅರ್ಥವಾಗಲ್ಲ ಅಂತ ಊರಿನ ಪಾದ್ರಿ ಜಾನ್ ಓಮ್ಯಾಲಿ ಅವನ ಹೆಸರನ್ನೇ ಕೊಟ್ಟರಂತೆ. 1905ರಲ್ಲಿ ಬಂಗಾಳ ವಿಭಜನೆಯಾದಾಗ ನಮ್ಮವರು ವಿದೇಶಿ ಬಟ್ಟೆಯ ಮೇಲೆ ಪ್ರಯೋಗಿಸಿದ್ದೂ ಇದೇ ಅಸ್ತ್ರ.

ಕನ್ನಡದಲ್ಲಿ ನಾವು ಬಹಿಷ್ಕಾರ ಅಂತೀವಿ. ಆದರೆ ನೋಡಿ, ಊರಿನ ಬಲಾಢ್ಯರು ಒಂದು ದಲಿತ ಕುಟುಂಬಕ್ಕೆ ಕೂಲಿ, ದಿನಸಿ ನಿಲ್ಲಿಸಿದರೆ ಅದಕ್ಕೂ ಬಹಿಷ್ಕಾರ ಅಂತಲೇ ಹೆಸರು. ಮೇಯೋದಲ್ಲಿ ಇಲ್ಲದವರು ಇದ್ದವನಿಗೆ ಬೆನ್ನು ತಿರುಗಿಸಿದರು. ಇಲ್ಲಿ ಇದ್ದವರು ಇಲ್ಲದವರ ಅನ್ನ ಕಿತ್ತುಕೊಳ್ತಾರೆ. ಒಂದು ಹೋರಾಟ, ಇನ್ನೊಂದು ಅಪರಾಧ. ಪದ ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.