ಹಸ್ತಮಸ್ತಕ ಸಂಯೋಗ ಮತ್ತು ಪ್ರಾಣಚಿಕಿತ್ಸೆ: ಒಂದು ತಪ್ಪು ವಂಶಾವಳಿಯ ಪರಿಶೀಲನೆ

ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗ ಇರುವವರಿಗೆ ಆಸನಗಳ ಜೊತೆಗೆ ಅಂಗೈಯಿಂದ ಶಕ್ತಿ ಹಾಯಿಸುವ ಚಿಕಿತ್ಸೆಯನ್ನೂ ಸೂಚಿಸುವವರು ಕಲಬುರಗಿ ಭಾಗದಲ್ಲಿ ಎರಡು ಆಧಾರಗಳನ್ನು ಮುಂದಿಡುತ್ತಾರೆ. ಒಂದು, ವೀರಶೈವ ದೀಕ್ಷೆಯಲ್ಲಿ ಗುರು ಶಿಷ್ಯನ ತಲೆಯ ಮೇಲೆ ಕೈಯಿಡುವ ಹಸ್ತಮಸ್ತಕ ಸಂಯೋಗ. ಇನ್ನೊಂದು, ಬ್ಯಾರಿ ಓಕನ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕದ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಪ್ರಾಚೀನತೆಗೆ ಅದು ಸಾಕ್ಷಿ, ವಿಜ್ಞಾನಕ್ಕೆ ಇದು ಸಾಕ್ಷಿ ಎಂಬುದು ವಾದ. ಶಿಬಿರವೊಂದರ ಕರಪತ್ರದಲ್ಲಷ್ಟೇ ಇದ್ದಿದ್ದರೆ ಈ ಮಾತಿಗೆ ಉತ್ತರ ಬರೆಯುವ ಅಗತ್ಯವಿರಲಿಲ್ಲ. ಆದರೆ ಶಿವಯೋಗದ ಬಗ್ಗೆ ಬಹುಕಾಲ ದುಡಿದ, ನಾನು ಗೌರವಿಸುವ ಹಿರಿಯರೊಬ್ಬರು ಅಚ್ಚಾದ ತಮ್ಮ ಉಪನ್ಯಾಸದಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದ್ದಾರೆ. ಅವರು ಹೇಳಿದರೆಂಬ ಕಾರಣಕ್ಕೇ ಜನ ನಂಬುತ್ತಾರೆ. ಎರಡೂ ಆಧಾರಗಳನ್ನು ಮೂಲದಲ್ಲಿ ಓದಿದವರಿಗೆ ಅವು ಈ ವಾದಕ್ಕೆ ಒದಗುವುದಿಲ್ಲವೆಂಬುದು ಗೊತ್ತಾಗುತ್ತದೆ.

ಮೊದಲು ದೀಕ್ಷೆಯ ವಿಷಯ. ಹಿರಿಯರು ನೆಚ್ಚಿದ್ದು ಸಿದ್ಧಾಂತ ಶಿಖಾಮಣಿಯ ಆರನೆಯ ಪರಿಚ್ಛೇದವನ್ನು. (ಈ ಗ್ರಂಥವನ್ನು ಶರಣರಿಗಿಂತ ಹಿಂದಿನದೆಂದು ಸಾಧಿಸುವವರ ಪಕ್ಷ ನನ್ನದಲ್ಲ. ವಚನಗಳನ್ನು ಮೊದಲು ಓದಿ, ಸಂಸ್ಕೃತ ಗ್ರಂಥಗಳನ್ನು ಅವುಗಳ ಬೆಳಕಿನಲ್ಲಿ ನೋಡಬೇಕೆಂದು ಕಲಿಸಿದ ಎಂ. ಎಂ. ಕಲಬುರ್ಗಿಯವರ ದಾರಿಯೇ ನನ್ನದು. ಆದರೆ ಎದುರು ಪಕ್ಷ ಅವಲಂಬಿಸಿದ ಗ್ರಂಥ ಇದಾದ್ದರಿಂದ ಅದರೊಳಗೇ ನಿಂತು ವಾದಿಸುತ್ತೇನೆ.) ಅಲ್ಲಿ ದೀಕ್ಷೆ ಮೂರು ಬಗೆ: ವೇಧಾ, ಮಂತ್ರ, ಕ್ರಿಯಾ. ಗುರುವಿನ ನೋಟದಿಂದಲೂ ತಲೆಯ ಮೇಲೆ ಕೈಯಿಟ್ಟಾಗಿನ ಸಂಯೋಗದಿಂದಲೂ ಶಿಷ್ಯನಲ್ಲಿ ಶಿವತ್ವ ನೆಲೆಗೊಳ್ಳುವುದು ವೇಧಾದೀಕ್ಷೆ. ನಮ್ಮ ಹಿರಿಯರು ಇಲ್ಲಿ ಒಂದು ಹಾರಿಕೆ ಹಾರುತ್ತಾರೆ. ಕೈಯಿಂದ ಏನೋ ಹರಿಯಿತು, ಹರಿದದ್ದು ಪ್ರಾಣ, ಪ್ರಾಣ ಹರಿದರೆ ರೋಗ ಹೋಗುತ್ತದೆ ಎಂದು ಒಂದೇ ಉಸಿರಿನಲ್ಲಿ ಮೂರು ತೀರ್ಮಾನಗಳಿಗೆ ಬರುತ್ತಾರೆ. ಗ್ರಂಥ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ.

ಹರಿದದ್ದು ಪ್ರಾಣವೆಂಬ ಎರಡನೆಯ ತೀರ್ಮಾನ ಎಲ್ಲಕ್ಕಿಂತ ದುರ್ಬಲ. ಪರಂಪರೆಯೇ ಮಾಡಿಟ್ಟ ಹಂಚಿಕೆಯನ್ನು ನೋಡಿ. ವೇಧಾದೀಕ್ಷೆಯಿಂದ ಕಾರಣಶರೀರಕ್ಕೆ ಭಾವಲಿಂಗ, ಮಂತ್ರದೀಕ್ಷೆಯಿಂದ ಸೂಕ್ಷ್ಮಶರೀರಕ್ಕೆ ಪ್ರಾಣಲಿಂಗ, ಕ್ರಿಯಾದೀಕ್ಷೆಯಿಂದ ಸ್ಥೂಲಶರೀರಕ್ಕೆ ಇಷ್ಟಲಿಂಗ. ತಲೆಯ ಮೇಲೆ ಕೈಯಿಡುವುದು ಭಾವಲಿಂಗಕ್ಕೆ ಸಂಬಂಧಿಸಿದ್ದು. ಪ್ರಾಣಕ್ಕೆ ಸಂಬಂಧಿಸಿದ್ದು ಕಿವಿಯಲ್ಲಿ ಹೇಳುವ ಮಂತ್ರ. ರೋಗ ಬರುವ ಸ್ಥೂಲದೇಹಕ್ಕೆ ಸಂಬಂಧಿಸಿದ್ದು ಅಂಗೈಯ ಮೇಲೆ ಕೊಡುವ ಇಷ್ಟಲಿಂಗ. ಕೈಯಿಂದ ಪ್ರಾಣ ಹಾಯ್ದು ಸ್ಥೂಲದೇಹದ ನರ ಸರಿಹೋಗುತ್ತದೆ ಎನ್ನುವವರು ಮೂರು ದೀಕ್ಷೆಗಳನ್ನೂ ಕಲಸಿ ಒಂದು ಮಾಡಿದಂತೆ. ದೀಕ್ಷೆ ತೊಳೆಯುವುದು ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವನ್ನು. ಪಡೆಯುವವನು ಶಿಷ್ಯ, ರೋಗಿಯಲ್ಲ. ದೀಕ್ಷೆ ಪಡೆದವರಿಗೂ ಮುಪ್ಪು, ರೋಗ, ಸಾವು ಬರುವುದನ್ನು ಶರಣರು ಕಾಣದವರಲ್ಲ. ಚನ್ನಬಸವಣ್ಣನ ಹೆಸರಿನಲ್ಲಿರುವ ಕರಣಹಸಿಗೆಯಲ್ಲಿ ದೇಹದ ಘಟಕಗಳ ವಿಂಗಡಣೆ ಇದೆ. ಅದು ತತ್ತ್ವವಿಚಾರಕ್ಕಾಗಿ ಮಾಡಿದ ವಿಂಗಡಣೆ. ಅದನ್ನು ವೈದ್ಯದ ಕೈಪಿಡಿ ಮಾಡಿಕೊಳ್ಳುವುದು ಗ್ರಂಥಕ್ಕೆ ಮಾಡುವ ಅವಮಾನ.

ಇನ್ನು ಕೆಲವರು ಪತಂಜಲಿಯ ಮೂರನೆಯ ಪಾದದ ಪರಕಾಯ ಪ್ರವೇಶದ ಸೂತ್ರವನ್ನು ತರುತ್ತಾರೆ. ಅಲ್ಲಿರುವುದು ಬಂಧದ ಕಾರಣಗಳು ಸಡಿಲಗೊಂಡಾಗ ಚಿತ್ತ ಪರಶರೀರವನ್ನು ಹೊಗುವ ಸಿದ್ಧಿ. ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಅದೇ ಪಾದದಲ್ಲಿ ಎಚ್ಚರಿಕೆಯೂ ಇದೆ. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ಪ್ರಾಣದ ಮಾತು ಪುಟಪುಟಕ್ಕೂ ಬರುತ್ತದೆ. ಆದರೆ ಅಲ್ಲಿ ಸಾಧಕ ನಿಗ್ರಹಿಸುವುದು ತನ್ನ ಪ್ರಾಣವನ್ನು, ತನ್ನ ನಾಡಿಗಳಲ್ಲಿ.

ಹಾಗಾದರೆ ಅಂಗೈಯಿಂದ ಪ್ರಾಣ ಹಾಯಿಸುವ ಕಲ್ಪನೆ ಬಂದದ್ದು ಎಲ್ಲಿಂದ? 18ನೆಯ ಶತಮಾನದ ಯೂರೋಪಿನಲ್ಲಿ ಫ್ರಾಂಜ್ ಮೆಸ್ಮರ್ ಹೇಳಿದ ಪ್ರಾಣಿಕಾಂತತ್ವದ (ಅನಿಮಲ್ ಮ್ಯಾಗ್ನೆಟಿಸಂ) ವಿಚಾರ ಮೊದಲ ಕೊಂಡಿ. ಎರಡನೆಯ ಕೊಂಡಿ ನಮ್ಮವರಿಗೆ ಒಪ್ಪಲು ಕಷ್ಟವಾಗುವಂಥದ್ದು. ವಿವೇಕಾನಂದರ 1896ರ ‘ರಾಜಯೋಗ’ದ ಪ್ರಾಣವನ್ನು ಕುರಿತ ಅಧ್ಯಾಯಗಳಲ್ಲಿ, ಒಬ್ಬನ ಪ್ರಾಣ ಇನ್ನೊಬ್ಬನಿಗೆ ಸಂದು ಗುಣವಾಗುವ ವಿವರಣೆ ಇದೆ. ಆ ಕಾಲದ ಅಮೆರಿಕದ ನಂಬಿಕೆ ಚಿಕಿತ್ಸಕರನ್ನೂ ಮಾನಸಿಕ ಚಿಕಿತ್ಸಕರನ್ನೂ ಅವರು ಪ್ರಾಣದ ಚೌಕಟ್ಟಿನಲ್ಲಿ ವಿವರಿಸುತ್ತಾರೆ. ನ್ಯೂಯಾರ್ಕಿನಲ್ಲಿ ಕೇಳುಗರ ಮುಂದೆ ಆಡಿದ ಮಾತುಗಳಿಂದ ಆದ ಪುಸ್ತಕ ಅದು. ಎದುರಿಗಿದ್ದವರಿಗೆ ಗೊತ್ತಿದ್ದ ಸಂಗತಿಗಳಿಂದಲೇ ಅವರು ಪ್ರಾಣವನ್ನು ತಿಳಿಸಬೇಕಾಗಿತ್ತು. ಎಲಿಜಬೆತ್ ಡಿ ಮಿಕೆಲಿಸ್ 2004ರ ತಮ್ಮ ಆಧುನಿಕ ಯೋಗದ ಇತಿಹಾಸದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದ್ದಾರೆ. (ಅವರ ಗ್ರಂಥವನ್ನು ವಿವೇಕಾನಂದರ ನಿಂದೆಯೆಂದು ತಳ್ಳಿಹಾಕುವವರು ಅದನ್ನು ತೆರೆದು ನೋಡಿದಂತಿಲ್ಲ. ಸ್ವಾಮಿಗಳ ಬಗ್ಗೆ ನನಗಿರುವ ಭಕ್ತಿ ಅದನ್ನು ಓದಿದ ಮೇಲೆ ಕಡಿಮೆಯಾಗಿಲ್ಲ.) ಮೂರನೆಯ ಕೊಂಡಿ ವಿಲಿಯಂ ವಾಕರ್ ಅಟ್ಕಿನ್‌ಸನ್ ಎಂಬ ಅಮೆರಿಕನ್. ‘ಯೋಗಿ ರಾಮಚರಕ’ ಎಂಬ ಹೆಸರಿಟ್ಟುಕೊಂಡು ಆತ 1906ರಲ್ಲಿ ಪ್ರಾಣಚಿಕಿತ್ಸೆಯ ಪಾಠಗಳಿರುವ ಪುಸ್ತಕ ಬರೆದ. ಹೆಸರು ನೋಡಿ ಅದನ್ನು ಭಾರತೀಯ ಯೋಗಿಯ ಬರಹವೆಂದು ನಂಬಿದವರು ಬಹಳ. ಮಿಕಾವೊ ಉಸುಯಿ ಜಪಾನಿನಲ್ಲಿ ರೇಕಿಯನ್ನು ಶುರುಮಾಡಿದ್ದು 1922ರಲ್ಲಿ. ಇಂದಿನ ಪ್ರಾಣಿಕ್ ಹೀಲಿಂಗ್ ಪಾಠಗಳಿಗೆ ಮೂಲವಾದ ಚೋವಾ ಕೋಕ್ ಸುಯಿ ಅವರ ಪುಸ್ತಕ ಬಂದದ್ದು 1987ರಲ್ಲಿ. ಶರಣರ ಕಲ್ಯಾಣದಿಂದ ಇಲ್ಲಿಗೆ ನೇರ ದಾರಿ ಹುಡುಕುವವರು ಈ ಕೊಂಡಿಗಳನ್ನೆಲ್ಲ ಬಿಟ್ಟು ನಡೆಯುತ್ತಾರೆ.

ಕೈಗೆ ಶಕ್ತಿ ತಿಳಿಯುತ್ತದೆಯೇ ಎಂಬ ಪರೀಕ್ಷೆಯೂ ನಡೆದಿದೆ. ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಬಾಲಕಿ ರೂಪಿಸಿದ ಪ್ರಯೋಗ 1998ರಲ್ಲಿ ಅಲ್ಲಿನ ವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಸ್ಪರ್ಶಚಿಕಿತ್ಸೆ ಮಾಡುವ 21 ಮಂದಿ ಪರದೆಯ ಆಚೆ ಕೈ ಚಾಚಿದರು. ಯಾವ ಕೈಯ ಮೇಲೆ ಬಾಲಕಿಯ ಕೈ ಇದೆ ಎಂದು ಹೇಳಬೇಕು. 280 ಸಲ ಕೇಳಿದಾಗ ಸರಿ ಹೇಳಿದ್ದು 123 ಸಲ, ಅರ್ಧಕ್ಕಿಂತ ಕಡಿಮೆ.

ಈಗ ಓಕನ್ ಪ್ರಬಂಧ. ನನ್ನ ದೃಷ್ಟಿಯಲ್ಲಿ ಇದನ್ನು ಎರಡೂ ಪಕ್ಷದವರು ತಪ್ಪಾಗಿ ಓದಿದ್ದಾರೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಇದ್ದ 69 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ಹಂಚಿದ್ದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಅಯ್ಯಂಗಾರ್ ಪದ್ಧತಿಯ ಯೋಗ, ಒಂದಕ್ಕೆ ನಿಂತಲ್ಲೇ ತುಳಿಯುವ ಸೈಕಲ್ಲಿನ ವ್ಯಾಯಾಮ, ಮೂರನೆಯದು ಸರದಿಗೆ ಕಾದ ಗುಂಪು. ಅವಧಿ ಆರು ತಿಂಗಳು. ಸಂಶೋಧಕರು ಮುಖ್ಯವಾಗಿ ನೋಡಹೊರಟದ್ದು ಗಮನ ಮತ್ತು ಎಚ್ಚರವನ್ನು. ಅವು ಎರಡರಿಂದಲೂ ಹೆಚ್ಚಲಿಲ್ಲ. ಮನಸ್ಥಿತಿಯಲ್ಲೂ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಕಾದವರಿಗೆ ಹೋಲಿಸಿದರೆ ಯೋಗದವರಿಗೂ ಸೈಕಲ್ಲಿನವರಿಗೂ ಆಯಾಸ ಕಡಿಮೆಯಾಯಿತು. ಯೋಗದಿಂದ ಯಾರಿಗೂ ಕೇಡಾಗಲಿಲ್ಲ.

ಯೋಗಶಿಬಿರದವರು ಇದನ್ನು ‘ಔಷಧಕ್ಕಿಂತ ಯೋಗ ಮೇಲು’ ಎಂದು ಓದುತ್ತಾರೆ. ಇಲ್ಲಿ ಯೋಗವನ್ನು ಔಷಧದೊಂದಿಗೆ ಹೋಲಿಸಿಯೇ ಇಲ್ಲ. ರೋಗ ಮುಂದುವರಿಯುವುದನ್ನು ತಡೆಯಿತೇ ಎಂದೂ ಕೇಳಿಲ್ಲ. ಅಂಗೈಯಿಂದ ಹಾಯಿಸುವ ಶಕ್ತಿ ಈ ಅಧ್ಯಯನದ ಯಾವ ಗುಂಪಿನಲ್ಲೂ ಇರಲಿಲ್ಲ. ಆದರೂ ಶಕ್ತಿಚಿಕಿತ್ಸೆಗೆ ಪುರಾವೆಯೆಂದು ಇದನ್ನೇ ತೋರಿಸುತ್ತಾರೆ. ಇನ್ನೊಂದು ಪಕ್ಷ, ಮುಖ್ಯವಾಗಿ ವೈದ್ಯ ಮಿತ್ರರು, ‘ಸೈಕಲ್ಲಿನಷ್ಟೇ ಅಂದಮೇಲೆ ಯೋಗದಲ್ಲಿ ವಿಶೇಷವೇನು’ ಎಂದು ಬದಿಗಿಡುತ್ತಾರೆ. ಹಾಲ್ಗರ್ ಕ್ರಾಮರ್ ಮತ್ತಿತರರು 2014ರಲ್ಲಿ 7 ಅಧ್ಯಯನಗಳ 670 ಮಂದಿಯನ್ನು ಒಟ್ಟುಗೂಡಿಸಿ ಬರೆದ ಸಮೀಕ್ಷೆ ಇವರಿಗೆ ಬಲ ಕೊಡುತ್ತದೆ: ಮಾಮೂಲಿ ಆರೈಕೆಗೆ ಹೋಲಿಸಿದರೆ ಆಯಾಸ ಮತ್ತು ಮನಸ್ಥಿತಿಯಲ್ಲಿ ಸ್ವಲ್ಪಕಾಲದ ಲಾಭ, ವ್ಯಾಯಾಮಕ್ಕೆ ಹೋಲಿಸಿದರೆ ಹೆಚ್ಚಿನದೇನೂ ಇಲ್ಲ. ಅಂಕಿ ಸರಿಯಿದೆ. ಆದರೆ ಇದನ್ನು ಓದಬೇಕಾದದ್ದು ಕಲಬುರಗಿಯಲ್ಲಿ ಕುಳಿತು.

ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲಿ ಗುರುತಿಸಿದ ಒಂದು ಸಂಗತಿ ನಮ್ಮ ಚರ್ಚೆಗಳಲ್ಲಿ ಬರುವುದೇ ಇಲ್ಲ. ಈ ರೋಗ ಇರುವವರು ಶ್ರಮಪಟ್ಟಾಗ ಕೆಲಹೊತ್ತು ಕಣ್ಣು ಮಂಜಾಗುತ್ತದೆಂದು ಆತ ಬರೆದ. ಕಾರಣ ಮೈಯ ಕಾವೆಂದು ಆಮೇಲೆ ತಿಳಿಯಿತು. ನರತಂತುವಿನ ಮೈಲಿನ್ ಹೊದಿಕೆ ಕಿತ್ತುಹೋದ ಜಾಗದಲ್ಲಿ ಸಂದೇಶ ಹೇಗೋ ಹಾಯುತ್ತಿರುತ್ತದೆ. ಮೈಯ ಕಾವು ಒಂದಿಷ್ಟು ಏರಿದರೂ ಅಲ್ಲಿ ತಡೆದು ನಿಲ್ಲುತ್ತದೆ. ಎಂಆರ್‌ಐ ಬರುವ ಮುಂಚೆ ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಿ ರೋಗ ಗುರುತಿಸುವ ಪರೀಕ್ಷೆಯೇ ಇತ್ತು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ನೆಹರು ಗಂಜ್ ಮಾರುಕಟ್ಟೆಯ ತಗಡಿನ ಚಾವಣಿಯ ಅಡತ್ ಅಂಗಡಿಯಲ್ಲೋ ತೊಗರಿಬೇಳೆಯ ಮಿಲ್ಲಿನಲ್ಲೋ ದುಡಿಯುವವನಿಗೆ ಈ ರೋಗ ಬಂದರೆ ಸೈಕಲ್ ತುಳಿಯುವ ಸಲಹೆ ಅವನಿಗೆ ಹೇಗೆ ಒದಗುತ್ತದೆ? ಓಕನ್ ತಂಡದ ಯೋಗ ತರಗತಿಯಲ್ಲಿ ಆಸನ 10ರಿಂದ 30 ಸೆಕೆಂಡ್, ಮಧ್ಯೆ ವಿಶ್ರಾಂತಿ, ಕುರ್ಚಿಯ ಇಲ್ಲವೇ ಗೋಡೆಯ ಆಸರೆ, ಕೊನೆಗೆ ಮಲಗಿ ಮೈ ಸಡಿಲಿಸುವುದು. ಮೈ ಬಿಸಿಯಾಗದಂತೆ ಮಾಡಬಹುದಾದ ಕ್ರಮ ಇದು. ಎರಡೂ ಸಮವೆಂಬ ಫಲಿತಾಂಶ ಇಲ್ಲಿ ಯೋಗದ ಪರವಾಗಿಯೇ ನಿಲ್ಲುತ್ತದೆ. ಆದರೆ ಎಲ್ಲ ಯೋಗದ ಪರವಾಗಿಯೂ ಅಲ್ಲ: ಬಿಸಿಲೇರಿದ ಮೇಲೆ ಬಯಲಿನಲ್ಲಿ ಮಾಡಿಸುವ ಸರಣಿ ಸೂರ್ಯನಮಸ್ಕಾರ, ದಮ್ಮುಕಟ್ಟಿ ಮಾಡಿಸುವ ಭಸ್ತ್ರಿಕಾ ಈ ರೋಗಿಗಳಿಗೆ ತೊಂದರೆ ತರಬಲ್ಲವು.

ಆ ಕುರ್ಚಿ-ಗೋಡೆಯ ಪದ್ಧತಿಗೆ ಕನ್ನಡನಾಡಿನಲ್ಲಿ ಖಚಿತವಾದ ವಂಶಾವಳಿ ಇದೆ. ಇಲ್ಲದ ವಂಶಾವಳಿ ಕಟ್ಟುವವರು ಇದನ್ನು ಮರೆತಿರುವುದೇ ನನಗೆ ನೋವು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಬಳಲಿ, 1934ರಲ್ಲಿ ಮೈಸೂರಿಗೆ ಬಂದು ತಮ್ಮ ಭಾವನಾದ ಕೃಷ್ಣಮಾಚಾರ್ಯರಲ್ಲಿ ಕಲಿತರು. 1937ರಲ್ಲಿ ಪುಣೆಗೆ ಹೋದರು. ಮೈ ಬಗ್ಗದವರಿಗೂ ಆಸನ ಸಿಗಲೆಂದು ಕುರ್ಚಿ, ಹಗ್ಗ, ಬೆಲ್ಟು, ಇಟ್ಟಿಗೆಯಾಕಾರದ ಮರದ ತುಂಡುಗಳನ್ನು ಬಳಕೆಗೆ ತಂದರು. ಇದೇ ರೋಗದೊಂದಿಗೆ ದಶಕಗಳ ಕಾಲ ಬದುಕಿದ ಅಮೆರಿಕದ ಎರಿಕ್ ಸ್ಮಾಲ್ ಈ ಪದ್ಧತಿಯ ಶಿಕ್ಷಕರಾಗಿ, ವೈದ್ಯ ಲೋರೆನ್ ಫಿಶ್‌ಮನ್ ಜೊತೆ 2007ರಲ್ಲಿ ಪುಸ್ತಕ ಬರೆದರು. ಸ್ಮಾಲ್ ‘ವಾಸಿಯಾದರು’ ಎಂದು ಸಾರುವವರಿದ್ದಾರೆ. ಅವರು ರೋಗದೊಂದಿಗೇ ಬಾಳಿದರು, ಅವರ ಹಿರಿಮೆಯೂ ಅದೇ.

ಕಡೆಗಣಿಸಿದ ಇನ್ನೊಂದು ಆಕರ ಬೆಂಗಳೂರಿನವರದೇ. ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಆರ್. ನಾಗರತ್ನ ಮತ್ತಿತರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜರ್ಮನಿಯ ಪುನಶ್ಚೇತನ ಕೇಂದ್ರವೊಂದರ 11 ರೋಗಿಗಳಿಗೆ 21 ದಿನ ಯೋಗಾಭ್ಯಾಸ ಮಾಡಿಸಿ ಮೂತ್ರಕೋಶದ ತೊಂದರೆಯನ್ನು ಅಳೆದರು. ಮೂತ್ರ ಮಾಡಿದ ಮೇಲೂ ಉಳಿಯುವ ಪ್ರಮಾಣ, ಮತ್ತೆ ಮತ್ತೆ ಹೋಗಬೇಕಾಗುವ ಸಂಕಟ ಇಳಿದವು. ಹೋಲಿಕೆಯ ಗುಂಪಿರಲಿಲ್ಲ, ಸಂಖ್ಯೆ ಚಿಕ್ಕದು. ಇದರ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು. ಆದರೆ ನಾಚಿಕೆಯಿಂದ ಯಾರೂ ಬಾಯಿಬಿಡದ, ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಬಾರದಂತೆ ಮಾಡುವ ಕಷ್ಟವನ್ನು ಕೇಳಿದ್ದೇ ಈ ಅಧ್ಯಯನದ ದೊಡ್ಡತನ. ಅಮೆರಿಕದ ಪ್ರಬಂಧವನ್ನು ಬಾಯಿಪಾಠ ಒಪ್ಪಿಸುವ ನಮ್ಮ ಲೇಖಕರು ಇದರ ಹೆಸರೆತ್ತಿದ್ದನ್ನು ನಾನು ಕಂಡಿಲ್ಲ.

ಅಂಗೈಚಿಕಿತ್ಸೆಯಿಂದ ಗುಣವಾಯಿತೆಂಬ ಅನುಭವಗಳು ಸುಳ್ಳೇ ಎಂದು ಕೇಳುವವರಿಗೆ ರೋಗದ ಸ್ವಭಾವವೇ ಉತ್ತರ ಹೇಳುತ್ತದೆ. ಹೆಚ್ಚಿನವರಲ್ಲಿ ಇದು ಮೊದಲಿಗೆ ಬಂದು ಹೋಗುವ ರೋಗ. ಕಣ್ಣು ಮಂಜಾಗಿ, ಕಾಲು ಜೋಮು ಹಿಡಿದು, ವಾರಗಳ ಮೇಲೆ ತಾನಾಗಿ ಇಳಿಯುವುದುಂಟು. ಗಂಜಿನ ಕಡೆ ಇದನ್ನೂ ‘ಲಕ್ವಾ’ (ಪಾರ್ಶ್ವವಾಯು) ಎಂದೇ ಕರೆಯುತ್ತಾರೆ. ಇಳಿಯುವ ಹೊತ್ತಿಗೆ ಯಾವುದನ್ನು ಮಾಡಿಸಿದ್ದರೋ ಕೀರ್ತಿ ಅದಕ್ಕೆ: ಆಸನಕ್ಕೆ, ರೇಕಿಗೆ, ಬಂದೇನವಾಜರ ದರ್ಗಾದಲ್ಲಿ ಹಾಕಿಸಿದ ದಮ್ಮಿಗೆ. ದರ್ಗಾಕ್ಕಾಗಲಿ ಶರಣಬಸವೇಶ್ವರ ಗುಡಿಗಾಗಲಿ ಹೋಗುವವರ ನೆಮ್ಮದಿಯನ್ನು ನಾನು ಪ್ರಶ್ನಿಸುವುದಿಲ್ಲ, ಅಲ್ಲಿ ಯಾರೂ ವೈದ್ಯರು ಕೊಟ್ಟ ಇಂಜೆಕ್ಷನ್ ಬಿಡಿಸುವುದಿಲ್ಲ. ಶಕ್ತಿಚಿಕಿತ್ಸಕರು ಕೆಲವರು ಬಿಡಿಸುತ್ತಾರೆ. ರೋಗ ಇಳಿದಂತೆ ಕಂಡ ದಿನಗಳಲ್ಲೂ ಮೆದುಳಿನಲ್ಲಿ ಹಾನಿ ನಡೆದಿರಬಹುದು. ಮತ್ತೆ ಮತ್ತೆ ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಗಳು 1993ರಿಂದ ಇವೆ. ಅವನ್ನು ಬಿಟ್ಟ ಮೇಲೆ ಕಳೆದುಕೊಂಡ ನಡಿಗೆ ಎಷ್ಟೋ ಸಲ ತಿರುಗಿ ಬರುವುದಿಲ್ಲ.

ಆದ್ದರಿಂದ ನಮ್ಮ ಹಿರಿಯರಲ್ಲಿ ನನ್ನ ವಿನಂತಿ: ಮುಂದಿನ ಮುದ್ರಣದಲ್ಲಿ ಹಸ್ತಮಸ್ತಕ ಸಂಯೋಗದ ಆ ಪುಟವನ್ನು ತೆಗೆಯಿರಿ. ಕಲಬುರಗಿಯ ವೈದ್ಯಕೀಯ ಕಾಲೇಜುಗಳು ನರರೋಗ ವಿಭಾಗದ ಕಣ್ಗಾವಲಿನಲ್ಲಿ, ಬೆಳಗಿನ ತಂಪಿನಲ್ಲಿ, ಕುರ್ಚಿ ಮತ್ತು ಗೋಡೆಯ ಆಸರೆಯ ತರಗತಿಯೊಂದನ್ನು ಶುರುಮಾಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಕೂಡ ಸೇರಿದೆ. ಗಂಜಿನ ಹಮಾಲರಿಂದ ಕಮಲಾಪುರದ ಬಾಳೆತೋಟದವರ ತನಕ, ಈ ರೋಗವಿರುವ ಪ್ರತಿಯೊಬ್ಬರೂ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು.