ಕಲ್ಕತ್ತೆಯ ಕಾರುಗಳ ಹೊಳಪು

1910ರ ಸುಮಾರಿಗೆ ಕಲ್ಕತ್ತೆಯ ಬೀದಿಗೆ ಒಂದು ಹಂಸ ಇಳಿಯಿತು. ಅಲ್ಲಿ ನೆಲೆಸಿದ್ದ ಧನಿಕ ರಾಬರ್ಟ್ ಮ್ಯಾಥ್ಯೂಸನ್ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಮಾಡಿಸಿ ತರಿಸಿದ್ದ ಆ ಕಾರಿಗೆ ಹಂಸದ ಕೊರಳು, ಹೊಳೆಯುವ ಕಣ್ಣು, ಮೈತುಂಬ ಚಿನ್ನದ ರೇಕಿನ ಕಮಲ. ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು. ಜನ ಬೆದರಿ ಗುಲ್ಲೆದ್ದಾಗ ಪೊಲೀಸರು ಅದನ್ನು ಬೀದಿಗಿಳಿಸದಂತೆ ತಡೆದರು. ಮುಂದೆ ನಾಭಾ ಮಹಾರಾಜರ ಪಾಲಾದ ಕಾರು ಈಗ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ.

ಚಿನ್ನದ ರೇಕು ಒಬ್ಬನ ಹುಚ್ಚು. ಉಳಿದವರದು ಹಿತ್ತಾಳೆಯ ಕಾಲ. ಹೆಡ್‌ಲೈಟು, ಹಾರನ್ನು, ರೇಡಿಯೇಟರಿನ ಚೌಕಟ್ಟು ಎಲ್ಲವೂ ಹಿತ್ತಾಳೆಯವೇ. ಕಲ್ಕತ್ತೆಯ ಮಳೆಗಾಲದ ತೇವಕ್ಕೆ ಹಿತ್ತಾಳೆ ಬೇಗ ಕಪ್ಪಿಟ್ಟು ಕಿಲುಬುಗಟ್ಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಕೊಡದಂತೆ ನಾಲ್ಕು ದಿನ ಫಳಫಳ, ಮತ್ತೆ ಮಂಕು. ಅದನ್ನು ತಿಕ್ಕಿ ಬೆಳಗಲಿಕ್ಕೆ ಕೈಗಳು ಬೇಕಿದ್ದವು. ಒಂದನೇ ಮಹಾಯುದ್ಧದ ಆಸುಪಾಸಿನಲ್ಲಿ ನಿಕ್ಕಲ್ ಲೇಪ ಬಳಕೆಗೆ ಬಂದು ಈ ಕೆಲಸ ಕಡಿಮೆಯಾಯಿತು. 1920ರ ದಶಕದ ಕೊನೆಗೆ ಕ್ರೋಮ್ ಬಂದಾಗ ದಿನವೂ ತಿಕ್ಕುವ ಕಾಟವೇ ತಪ್ಪಿತು.

ಆದರೆ ಕ್ರೋಮಿನ ಹೊಳಪೆಲ್ಲ ಮೇಲುಮೇಲಿನದು. ಬಂಪರಿನ ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಉಕ್ಕನ್ನು ನಿಜವಾಗಿ ಕಾಪಾಡುವುದು ಕೆಳಗಿನ ದಪ್ಪ ನಿಕ್ಕಲ್. ಅದು ಸವೆದ ಕಡೆ ನೀರು ಉಕ್ಕಿಗೆ ತಲುಪಿ ಮೊದಲು ಸೂಜಿಮೊನೆಯಷ್ಟು ಕಂದು ಚುಕ್ಕೆ ಏಳುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಸಿಪ್ಪೆ. ಹೂಗ್ಲಿ ನದಿಯ ದಂಡೆಯ ಊರಿನಲ್ಲಿ ಇದಕ್ಕೆ ಬಹಳ ಕಾಯಬೇಕಿಲ್ಲ.

ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಿದ್ದವು. ವಿದೇಶಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಹೊಸ ಗ್ರಿಲ್, ಬೀಡಿಂಗ್, ಹಬ್‌ಕ್ಯಾಪ್ ಸಿಗುವುದು ಕಷ್ಟವಾಯಿತು. ಹಳೆಯ ಬಿಡಿಭಾಗಗಳಿಗೆ ಹೆಸರಾದ ಮಲ್ಲಿಕ್ ಬಜಾರ್‌ನಂಥ ಜಾಗಗಳ ಮಹತ್ವ ಹೆಚ್ಚಿತು. ಹೊಸ ಕಾರು ಕೊಳ್ಳುವವರಿಗೆ ಇದ್ದ ಕೆಲವೇ ಆಯ್ಕೆಗಳಲ್ಲಿ ಮುಖ್ಯವಾದದ್ದು ಪಕ್ಕದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್. 1968ರಿಂದ ನಗರದಲ್ಲಿ ನಡೆಯುತ್ತಿರುವ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ರ್‍ಯಾಲಿ ಹಳೆಯ ಕಾರುಗಳ ಹೊಳಪಿಗೆ ಒಂದು ಪಂದ್ಯವನ್ನೇ ಕೊಟ್ಟಿತು.

ಹಳೆಯ ಬಂಪರಿಗೆ ಮರುಹೊಳಪು ಕೊಡುವ ಕೆಲಸ ನಿಧಾನದ್ದು. ಹಳೆಯ ಲೇಪವನ್ನು ತೆಗೆದು, ತಗ್ಗುಗಳನ್ನು ಬಡಿದು ಸಮ ಮಾಡಿ, ಉಜ್ಜಿ, ತಾಮ್ರದ ಲೇಪ ಕೊಡುತ್ತಾರೆ. ಅದನ್ನು ಬಫ್ ಮಾಡಿದ ಮೇಲೆ ನಿಕ್ಕಲ್, ಕೊನೆಗೆ ಕೆಲವೇ ನಿಮಿಷಗಳ ಕ್ರೋಮ್. ನುರಿತ ಕೈ ಗೊತ್ತಾಗುವುದು ಬಫಿಂಗ್‌ನಲ್ಲೇ. ಚಕ್ರಕ್ಕೆ ಒಂದಿಷ್ಟು ಹೆಚ್ಚು ಒತ್ತಿದರೂ ಲಾಂಛನದ ಅಕ್ಷರಗಳ ಅಂಚು ಕರಗಿ ಮೊಂಡಾಗುತ್ತದೆ. ಹೋದ ಅಂಚು ಮತ್ತೆ ಬರುವುದಿಲ್ಲ. ಸತುವಿನ ಎರಕದ ಹಿಡಿಕೆಗಳಂತೂ ಒಳಗೇ ಕೊರೆದುಹೋಗಿರುತ್ತವೆ. ಸ್ಟೇನ್‌ಲೆಸ್ ಸ್ಟೀಲಿನ ಬೀಡಿಂಗ್‌ಗೆ ಲೇಪದ ಹಂಗಿಲ್ಲ, ತಗ್ಗು ತೆಗೆದು ಪಾಲಿಶ್ ಮಾಡಿದರೆ ಸಾಕು. ಕ್ರೋಮ್ ತೊಟ್ಟಿಯ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಹಾಗಾಗಿ ಆ ಕೆಲಸಗಾರನ ಶ್ವಾಸಕೋಶವೂ ಈ ಹೊಳಪಿಗೆ ಬೆಲೆ ತೆರುತ್ತದೆ.

ಎಷ್ಟು ಹೊಳೆಸಬೇಕು ಎಂಬ ಪ್ರಶ್ನೆ ಎಲ್ಗಿನ್ ರಸ್ತೆಯ ನೇತಾಜಿ ಭವನದ ಕಾರನ್ನು ಕಂಡವರಿಗೂ ಎದುರಾಗುತ್ತದೆ. 1941ರ ಜನವರಿಯಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡ ಸುಭಾಷರನ್ನು ಅವರ ಅಣ್ಣನ ಮಗ ಶಿಶಿರ್ ಬೋಸ್ ಅಲ್ಲಿಂದ ಗೋಮೊ ರೈಲು ನಿಲ್ದಾಣದವರೆಗೆ ಕೂರಿಸಿಕೊಂಡು ಹೋದ ಜರ್ಮನ್ ವಾಂಡರರ್ ಅದು. ದುರಸ್ತಿಯಾದ ಕಾರನ್ನು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ 2017ರ ಜನವರಿಯಲ್ಲಿ ಅನಾವರಣಗೊಳಿಸಿದರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಸಂಸ್ಥೆ ಫೀವಾ ರೂಪಿಸಿದ ಟುರಿನ್ ಸನ್ನದು ಹೊಸದಾಗಿಸುವುದಕ್ಕಿಂತ ಇದ್ದುದನ್ನು ಉಳಿಸುವುದಕ್ಕೇ ಒತ್ತು ಕೊಡುತ್ತದೆ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ.

ಮಂಗಳೂರಿನಲ್ಲಾಗಲಿ ಕಾರವಾರದಲ್ಲಾಗಲಿ ಹಳೆಯ ಕಾರು ಇಟ್ಟುಕೊಂಡವರಿಗೂ ಇದ್ದುದನ್ನು ಉಳಿಸಿಕೊಳ್ಳುವ ಇದೇ ಪಾಠ. ಮಳೆಯಲ್ಲಿ ಓಡಿಸಿ ಬಂದರೆ ಸಿಹಿನೀರಿನಲ್ಲಿ ತೊಳೆದು, ಬಂಪರಿನ ಹಿಂಬದಿಯನ್ನೂ ಒರೆಸಿ ಒಣಗಿಸಿ, ಮೇಣ ಹಚ್ಚಿ. ಉಸಿರಾಡದ ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ಉಳಿಯುತ್ತದೆ. ಮೂಲ ಲೇಪದಲ್ಲಿ ನಾಲ್ಕು ಚುಕ್ಕೆಗಳಿದ್ದರೆ ಇರಲಿ. ಪೂರ್ತಿ ಸಿಪ್ಪೆ ಏಳುವವರೆಗೆ ಅದನ್ನು ಮರುಲೇಪದ ತೊಟ್ಟಿಗೆ ಕಳಿಸಬೇಡಿ.