ಗ್ಲಾಸ್ಟರ್ ಪಟ್ಟಣವೂ ಮಧ್ಯಯುಗದ ಆಂಗ್ಲ ಅರಸರೂ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಂದಿನ ಅರ್ಥದ ಸ್ಥಿರ ರಾಜಧಾನಿಯೊಂದು ಬಹುಕಾಲದವರೆಗೆ ಇರಲಿಲ್ಲ. ಅರಸನು ಪರಿವಾರಸಮೇತನಾಗಿ ನಾಡಿನಲ್ಲಿ ಸಂಚರಿಸುತ್ತಿದ್ದನು. ಅವನು ಬಿಡಾರ ಹೂಡಿದ ಊರೇ ಅಂದಿನ ರಾಜಸಭೆಯ ಸ್ಥಾನ. ಇಂತಹ ಊರುಗಳಲ್ಲಿ ಗ್ಲಾಸ್ಟರ್‌ಷೈರ್ ಕೌಂಟಿಯ ಮುಖ್ಯ ಪಟ್ಟಣವಾದ ಗ್ಲಾಸ್ಟರ್ ಗಣ್ಯವಾದುದು. ಸೆವರ್ನ್ ನದಿಯನ್ನು ದಾಟಿ ದಕ್ಷಿಣ ವೇಲ್ಸಿಗೆ ಹೋಗುವ ಹಾದಿ ಇಲ್ಲಿತ್ತು. ರೋಮನರು ಇಲ್ಲಿ ನೆಲೆಯೂರಿದುದಕ್ಕೂ ನಾರ್ಮನ್ ಅರಸರು ಕೋಟೆ ಕಟ್ಟಿದುದಕ್ಕೂ ಈ ನದೀದಾಟವೇ ಮುಖ್ಯ ಕಾರಣ. ಅರಸರಿಗೆ ಈ ಊರು ಬೇಕಾಗಿತ್ತು. ಆ ಅಗತ್ಯವನ್ನು ಊರು ಕ್ರಮೇಣ ತನ್ನ ಹಕ್ಕುಗಳನ್ನಾಗಿ ಮಾರ್ಪಡಿಸಿಕೊಂಡಿತು. ಇದೇ ಇಲ್ಲಿಯ ಇತಿಹಾಸದ ಸಾರ.

ಮೊದಲನೆಯ ವಿಲಿಯಂ ಇಂಗ್ಲೆಂಡಿನಲ್ಲಿದ್ದಾಗ ಕ್ರಿಸ್‌ಮಸ್ ಕಾಲದ ಕಿರೀಟಧಾರಣ ಸಭೆಯನ್ನು ಗ್ಲಾಸ್ಟರಿನಲ್ಲಿ ನಡೆಸುವ ವಾಡಿಕೆಯಿತ್ತು. 1085ರ ಸಭೆಯಲ್ಲಿ ಅವನು ಮಂತ್ರಾಲೋಚನೆ ನಡೆಸಿ, ಭೂಮಿ, ಒಡೆತನ, ಆದಾಯಗಳನ್ನು ಲೆಕ್ಕಹಾಕುವಂತೆ ಆಜ್ಞಾಪಿಸಿದನು. ಅದರ ಫಲವೇ ಡೂಮ್ಸ್‌ಡೇ ಪುಸ್ತಕ. ಅವನ ಮಗನಾದ ವಿಲಿಯಂ ರೂಫಸನು 1093ರಲ್ಲಿ ಇಲ್ಲಿಯೇ ಕಾಯಿಲೆಯಿಂದ ಮರಣಾಸನ್ನನಾದನು. ಲ್ಯಾನ್‌ಫ್ರಾಂಕನು 1089ರಲ್ಲಿ ತೀರಿಕೊಂಡಂದಿನಿಂದ ಕ್ಯಾಂಟರ್ಬರಿಯ ಪೀಠವನ್ನು ಬರಿದಾಗಿರಿಸಿ ಅದರ ಆದಾಯವನ್ನು ಅನುಭವಿಸುತ್ತಿದ್ದ ಈ ಅರಸನು, ಸಾವಿನ ಭಯದಿಂದ ಆನ್ಸೆಲ್ಮನನ್ನು ಆರ್ಚ್‌ಬಿಷಪ್ ಪದವಿಗೆ ನೇಮಿಸಿದನು. ಅರಸನು ಚೇತರಿಸಿಕೊಂಡನು, ಅವರಿಬ್ಬರ ವಿರಸ ಮಾತ್ರ ಬೆಳೆಯುತ್ತ ಹೋಯಿತು.

ಅತ್ಯಂತ ವಿಷಮವಾದ ಸಂದರ್ಭ ಒದಗಿದ್ದು 1216ರಲ್ಲಿ. ಅಂತರ್ಯುದ್ಧದ ನಡುವೆ ಜಾನ್ ಅರಸನು ಅಕ್ಟೋಬರಿನಲ್ಲಿ ನ್ಯೂವಾರ್ಕಿನಲ್ಲಿ ಮೃತನಾದನು. ಲಂಡನ್ ನಗರವು ಬಂಡೆದ್ದ ಸಾಮಂತರ ಹಾಗೂ ಅವರು ಕರೆತಂದ ಫ್ರೆಂಚ್ ರಾಜಕುಮಾರ ಲೂಯಿಯ ವಶದಲ್ಲಿತ್ತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟಾಭಿಷೇಕ ನಡೆಸುವುದು ಅಸಾಧ್ಯವಾಯಿತು. ಆದಕಾರಣ ಜಾನನ ಮಗ, ಒಂಬತ್ತು ವರ್ಷದ ಬಾಲಕ ಮೂರನೆಯ ಹೆನ್ರಿಗೆ ಅಕ್ಟೋಬರ್ 28ರಂದು ಗ್ಲಾಸ್ಟರಿನ ಸಂತ ಪೀಟರನ ಮಠದಲ್ಲಿಯೇ ಪಟ್ಟ ಕಟ್ಟಲಾಯಿತು. ರಾಜ್ಯಭಾರದ ಹೊಣೆಯನ್ನು ವೃದ್ಧನಾದ ವಿಲಿಯಂ ಮಾರ್ಷಲನು ಹೊತ್ತನು. ಮರುತಿಂಗಳೇ ಬ್ರಿಸ್ಟಲಿನಲ್ಲಿ ಮ್ಯಾಗ್ನಾ ಕಾರ್ಟಾವನ್ನು ಪರಿಷ್ಕರಿಸಿ ಮತ್ತೆ ಹೊರಡಿಸಲಾಯಿತು. 1217ರಲ್ಲಿ ಲೂಯಿ ಹಿಂದಿರುಗಿದನು. ವೆಸ್ಟ್‌ಮಿನ್‌ಸ್ಟರಿನಲ್ಲಿ 1220ರಲ್ಲಿ ಎರಡನೆಯ ಬಾರಿ ವೈಭವದಿಂದ ಪಟ್ಟಾಭಿಷೇಕ ನಡೆಯಿತಾದರೂ, ರಾಜವಂಶ ಉಳಿದುದು ಗ್ಲಾಸ್ಟರಿನ ಆ ಸರಳ ಸಮಾರಂಭದಿಂದ.

ಪದಚ್ಯುತನಾದ ಎರಡನೆಯ ಎಡ್ವರ್ಡನು 1327ರಲ್ಲಿ ಸಮೀಪದ ಬರ್ಕ್ಲಿ ಕೋಟೆಯಲ್ಲಿ ಮೃತನಾದನೆಂದು ಘೋಷಿಸಲಾಯಿತು. ಡಿಸೆಂಬರಿನಲ್ಲಿ ಅದೇ ಮಠದಲ್ಲಿ ಸಮಾಧಿಯಾಯಿತು. ಅನ್ಯ ಮಠಗಳು ಶವವನ್ನು ಸ್ವೀಕರಿಸಲು ಅಂಜಿದುವೆಂಬ ಮಠದ ವೃತ್ತಾಂತವನ್ನು ಇಂದಿನ ವಿದ್ವಾಂಸರು ಸಂದೇಹದಿಂದ ಕಾಣುತ್ತಾರೆ. ಸಮಾಧಿಗೆ ಬಂದ ಯಾತ್ರಿಕರ ಕಾಣಿಕೆಯಿಂದ ಮಂದಿರದ ಪೂರ್ವಭಾಗ ಹೊಸದಾಯಿತೆಂದು ಅದೇ ವೃತ್ತಾಂತ ಹೇಳುತ್ತದೆ. ಅಲ್ಲಿಯ ವಿಶಾಲವಾದ ಪೂರ್ವ ಗವಾಕ್ಷವೂ ಮಠದ ಮೊಗಸಾಲೆಯ ಬೀಸಣಿಗೆಯಾಕಾರದ ಕಮಾನುಗಳೂ ಆಂಗ್ಲ ವಾಸ್ತುಶಿಲ್ಪದಲ್ಲಿ ಪ್ರಸಿದ್ಧವಾಗಿವೆ. ಬದುಕಿದ್ದಾಗ ರಾಜ್ಯವನ್ನು ಕಳೆದುಕೊಂಡ ಅರಸನು ಸತ್ತ ಮೇಲೆ ಮಠಕ್ಕೆ ಕೀರ್ತಿ ತಂದನು.

ಪಾರ್ಲಿಮೆಂಟಿನ ಚರಿತ್ರೆಯಲ್ಲಿಯೂ ಈ ಊರಿಗೆ ಸ್ಥಾನವುಂಟು. ಸಾಮಂತರು ಯಾವ ಆಧಾರದಿಂದ ನ್ಯಾಯಾಧಿಕಾರ ನಡೆಸುತ್ತಿದ್ದಾರೆಂದು ವಿಚಾರಿಸುವ ಶಾಸನವನ್ನು ಮೊದಲನೆಯ ಎಡ್ವರ್ಡನು 1278ರಲ್ಲಿ ಇಲ್ಲಿ ಮಾಡಿಸಿದನು. 1407ರಲ್ಲಿ ನಾಲ್ಕನೆಯ ಹೆನ್ರಿಯು ತೆರಿಗೆಯ ವಿಷಯವನ್ನು ಪ್ರಭುಗಳೊಡನೆ ಮೊದಲು ಮಾತನಾಡಿದಾಗ ಪ್ರಜಾಪ್ರತಿನಿಧಿಗಳು ಆಕ್ಷೇಪಿಸಿದರು. ತೆರಿಗೆಗೆ ದೊರೆತ ಒಪ್ಪಿಗೆಯನ್ನು ಅವರ ಸ್ಪೀಕರನೇ ನಿವೇದಿಸಬೇಕೆಂಬುದನ್ನು ಅರಸನು ಮಾನ್ಯಮಾಡಬೇಕಾಯಿತು.

ಪಟ್ಟಣಿಗರ ಹಕ್ಕುಗಳು ಸನ್ನದು ಸನ್ನದಾಗಿ ಬಂದವು. ಎರಡನೆಯ ಹೆನ್ರಿ ಲಂಡನ್ ಮತ್ತು ವಿಂಚೆಸ್ಟರಿನ ಪೌರರಿಗೆ ಸಮಾನವಾದ ಸ್ವಾತಂತ್ರ್ಯಗಳನ್ನು ಕೊಟ್ಟನು. 1200ರಲ್ಲಿ ಜಾನನು ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು ಕೊಟ್ಟನು. 1471ರ ಮೇ ತಿಂಗಳಲ್ಲಿ ಊರಿನ ಬಾಗಿಲುಗಳು ರಾಣಿ ಮಾರ್ಗರೆಟಳ ಸೈನ್ಯಕ್ಕೆ ಮುಚ್ಚಿದವು. ಸೆವರ್ನ್ ದಾಟಲಾರದ ಆ ಸೈನ್ಯ ಮರುದಿನ ಟ್ಯೂಕ್ಸ್‌ಬರಿಯಲ್ಲಿ ಸೋತಿತು. ವಿಜಯಿಗಳ ಪಕ್ಷದಲ್ಲಿದ್ದ ಗ್ಲಾಸ್ಟರಿನ ಡ್ಯೂಕನೇ 1483ರಲ್ಲಿ ಮೂರನೆಯ ರಿಚರ್ಡನಾಗಿ, ಊರಿಗೆ ಮೇಯರನನ್ನೂ ಪ್ರತ್ಯೇಕ ಕೌಂಟಿಯ ಅಂತಸ್ತನ್ನೂ ದಯಪಾಲಿಸಿದನು. ಎರಡು ವರ್ಷಗಳಲ್ಲಿ ರಿಚರ್ಡನು ರಣರಂಗದಲ್ಲಿ ಅಳಿದನು. ಅವನು ಕೊಟ್ಟ ಹಕ್ಕು ಪಟ್ಟಣದಲ್ಲಿ ಉಳಿಯಿತು.